ಐದು ಮತ್ತು ಐದು: ಜಹಾಂಗೀರ್ ಖಾನ್ ಅವರ ಆಟದ ಬದುಕು



ಕ್ರೀಡೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನಾನು ಸ್ಕ್ವಾಷ್ ಆಟವನ್ನು ಆರಿಸಿಕೊಂಡೆ. ನಮ್ಮಲ್ಲಿ ಈ ಆಟವನ್ನು ಕಣ್ಣಾರೆ ನೋಡಿದವರೇ ಕಡಿಮೆ. ಹಾಗಿದ್ದರೂ, ಒಬ್ಬ ಮನುಷ್ಯ ಒಂದು ಆಟವನ್ನು ಎಷ್ಟು ಎತ್ತರಕ್ಕೆ ಒಯ್ಯಬಹುದು ಎಂದು ತಿಳಿಯಬೇಕಾದರೆ ಕರಾಚಿಯ ಜಹಾಂಗೀರ್ ಖಾನ್ ಅವರ ಬದುಕನ್ನು ನೋಡಬೇಕು ಎಂದು ಬಹುಕಾಲದಿಂದ ನಂಬಿಕೊಂಡು ಬಂದವನು ನಾನು. ಆ ನಂಬಿಕೆಗೆ ಕಾರಣವೇನು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಅವರ ಹೆಸರು ಬಂದಲ್ಲೆಲ್ಲ 555 ಎಂಬ ಸಂಖ್ಯೆ ಬರುತ್ತದೆ. 1981ರ ಏಪ್ರಿಲ್‌ನಲ್ಲಿ ಒಂದು ಪಂದ್ಯ ಸೋತ ಮೇಲೆ 1986ರ ನವೆಂಬರ್‌ವರೆಗೆ, ಅಂದರೆ ಐದೂವರೆ ವರ್ಷ, ಅವರು ಸೋಲಲೇ ಇಲ್ಲ. ಆ ಅವಧಿಯಲ್ಲಿ ಗೆದ್ದ ಪಂದ್ಯಗಳ ಲೆಕ್ಕವೇ ಈ 555. ಸಂಖ್ಯೆಯ ಬಗ್ಗೆ ಲೆಕ್ಕ ಇಡುವವರಲ್ಲಿ ತಕರಾರು ಇದೆ, ಅವಧಿಯ ಬಗ್ಗೆ ಇಲ್ಲ. ಆದರೆ ನನ್ನ ಗಮನವಿರುವುದು ಬೇರೊಂದು ಲೆಕ್ಕದ ಮೇಲೆ. ಬ್ಯಾಡ್ಮಿಂಟನ್ನಿಗೆ ಆಲ್ ಇಂಗ್ಲೆಂಡ್ ಇದ್ದ ಹಾಗೆ ಸ್ಕ್ವಾಷ್‌ಗೆ ಬ್ರಿಟಿಷ್ ಓಪನ್. ವಿಶ್ವ ಚಾಂಪಿಯನ್‌ಷಿಪ್ ಹುಟ್ಟುವ ಮೊದಲು ಲೋಕದ ಶ್ರೇಷ್ಠ ಆಟಗಾರ ಯಾರೆಂದು ತೀರ್ಮಾನವಾಗುತ್ತಿದ್ದುದು ಅಲ್ಲಿಯೇ. 1982ರಿಂದ 1991ರವರೆಗೆ ಒಂದು ವರ್ಷವೂ ತಪ್ಪದೆ, ಹತ್ತು ಸಲ ಸತತವಾಗಿ, ಜಹಾಂಗೀರ್ ಅದನ್ನು ಗೆದ್ದರು. ಈ ಹತ್ತರಲ್ಲಿ ಮೊದಲ ಐದು ಬಂದದ್ದು ಅವರು ಸೋಲೇ ಕಾಣದ ಕಾಲದಲ್ಲಿ. ಉಳಿದ ಐದು ಬಂದದ್ದು ಅವರನ್ನು ಸೋಲಿಸಬಹುದು ಎಂದು ಎಲ್ಲರಿಗೂ ಗೊತ್ತಾದ ಮೇಲೆ. ಈ ಎರಡನೆಯ ಐದೇ ಅವರ ನಿಜವಾದ ದೊಡ್ಡಸ್ತಿಕೆ ಎಂಬುದು ನನ್ನ ವಾದ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾಲ್ಕು ಗೋಡೆಗಳ ನಡುವೆ, 32 ಅಡಿ ಉದ್ದ, 21 ಅಡಿ ಅಗಲದ ನೆಲದಲ್ಲಿ ಇಬ್ಬರು ಆಡುತ್ತಾರೆ. ನಡುವೆ ಬಲೆ ಇಲ್ಲ. ಎದುರಾಳಿಯ ಉಸಿರು ನಿಮಗೆ ಕೇಳಿಸುತ್ತದೆ, ಅವನ ಬೆವರಿನ ಮೇಲೆಯೇ ನೀವು ಕಾಲಿಡಬೇಕು. ಎದುರುಗೋಡೆಯ ಕೆಳಭಾಗದ ಟಿನ್ನಿಗೆ ತಗುಲದಂತೆ, ನೆಲಕ್ಕೆ ಎರಡನೇ ಸಲ ಪುಟಿಯುವ ಮೊದಲು ಚೆಂಡನ್ನು ಗೋಡೆಗೆ ಹೊಡೆಯಬೇಕು. ಅಂಕಣದ ಮಧ್ಯದಲ್ಲಿ ಗೆರೆಗಳು ಕೂಡುವ ಜಾಗಕ್ಕೆ ‘ಟಿ’ ಎನ್ನುತ್ತಾರೆ. ಅದನ್ನು ಹಿಡಿದವನು ಎದುರಾಳಿಯನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಾನೆ. ಜಹಾಂಗೀರ್ ಕಾಲದ ಅಂಕದ ಪದ್ಧತಿಯಲ್ಲಿ ಸರ್ವ್ ಮಾಡುವವನಿಗೆ ಮಾತ್ರ ಅಂಕ. ಎದುರಾಳಿ ಸರ್ವ್ ಮಾಡಿದ ರ‍್ಯಾಲಿಯನ್ನು ಗೆದ್ದರೆ ನಿಮಗೆ ಸಿಗುವುದು ಸರ್ವ್ ಅಷ್ಟೇ. ಒಂಬತ್ತು ಅಂಕಕ್ಕೆ (ಬಿಗಿಯಾದರೆ ಹತ್ತಕ್ಕೆ) ಒಂದು ಗೇಮ್, ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ. ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜಹಾಂಗೀರ್ ಕಥೆ ಜಹಾಂಗೀರ್ ಹುಟ್ಟುವ ಮೊದಲೇ, ಪೆಶಾವರದ ಬಳಿಯ ನವಾಕಿಲೆ ಎಂಬ ಹಳ್ಳಿಯಲ್ಲಿ ಶುರುವಾಗುತ್ತದೆ. ಬ್ರಿಟಿಷ್ ಅಧಿಕಾರಿಗಳು ತಮ್ಮ ಕ್ಲಬ್ಬಿನಲ್ಲಿ ಚಾವಣಿಯಿಲ್ಲದ ಸ್ಕ್ವಾಷ್ ಅಂಕಣಗಳನ್ನು ಕಟ್ಟಿಕೊಂಡಿದ್ದರು. ಗೋಡೆ ದಾಟಿ ಹೋದ ಚೆಂಡನ್ನು ಹೆಕ್ಕಿ ತರಲು ಹುಡುಗರು ಬೇಕಾಗಿತ್ತು. ಹಾಗೆ ಚೆಂಡು ಹೆಕ್ಕುತ್ತಿದ್ದ ಹುಡುಗ ಹಾಶಿಮ್ ಖಾನ್. ಮಧ್ಯಾಹ್ನದ ಬಿಸಿಲಿಗೆ ಅಧಿಕಾರಿಗಳು ಒಳಗೆ ಹೋದ ಮೇಲೆ ಖಾಲಿ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಆಟ ಕಲಿತವರು ಅವರು. 1944ರಲ್ಲಿ ಬೊಂಬಾಯಿಗೆ ಬಂದು ಅಖಿಲ ಭಾರತ ಚಾಂಪಿಯನ್‌ಷಿಪ್ ಗೆದ್ದರು. ದೇಶ ಎರಡಾದ ಮೇಲೆ, 1950ರಲ್ಲಿ, ಬೊಂಬಾಯಿಯ ಅಬ್ದುಲ್ ಬಾರಿ ಬ್ರಿಟಿಷ್ ಓಪನ್ ಫೈನಲ್ ತಲುಪಿ ಈಜಿಪ್ಟಿನ ಮಹಮೂದ್ ಕರೀಮ್ ಅವರಿಗೆ ಸೋತರು. ಮರುವರ್ಷ ಪಾಕಿಸ್ತಾನದ ವಾಯುಪಡೆ ಹಾಶಿಮ್ ಅವರನ್ನು ಇಂಗ್ಲೆಂಡಿಗೆ ಕಳಿಸಿತು. ಮೂವತ್ತು ದಾಟಿ ಎಷ್ಟೋ ವರ್ಷಗಳಾಗಿದ್ದ ಆ ಮನುಷ್ಯ ಮೊದಲ ಪ್ರಯತ್ನದಲ್ಲೇ, ನಾಲ್ಕು ವರ್ಷ ಸತತ ಚಾಂಪಿಯನ್ ಆಗಿದ್ದ ಅದೇ ಕರೀಮ್ ಅವರನ್ನು 9–5, 9–0, 9–0ರಿಂದ ಮಣಿಸಿದರು. ಒಟ್ಟು ಏಳು ಸಲ ಬ್ರಿಟಿಷ್ ಓಪನ್ ಅವರ ಪಾಲಾಯಿತು. ಅವರ ತಮ್ಮ ಆಜಮ್ ನಾಲ್ಕು ಸಲ ಗೆದ್ದರು.

ಅದೇ ಬಳಗದ ರೋಷನ್ ಖಾನ್ ಜಹಾಂಗೀರ್ ಅವರ ತಂದೆ. ನೆಲೆ ಹುಡುಕಿಕೊಂಡು ಊರೂರು ಅಲೆದು, ಕಡೆಗೆ ಕರಾಚಿಯಲ್ಲಿ ನೌಕಾಪಡೆಯ ಆಶ್ರಯ ಪಡೆದವರು. 1957ರ ಫೈನಲ್‌ನಲ್ಲಿ ಹಾಶಿಮ್ ಅವರನ್ನೇ ಸೋಲಿಸಿ ಒಂದು ಬಾರಿ ಬ್ರಿಟಿಷ್ ಓಪನ್ ಗೆದ್ದರು.

ಖಾನ್ ಮನೆತನದವರಿಗೆ ಆಟ ರಕ್ತದಲ್ಲೇ ಇತ್ತು ಎಂದು ಬರೆಯುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವರಿಗೆ ಇದ್ದದ್ದು ಅಂಕಣದ ಬಾಗಿಲು. ಕ್ಲಬ್ಬುಗಳಲ್ಲಿ ಮಾರ್ಕರ್ ಎಂದು ಕರೆಯುವ ನೌಕರರಿರುತ್ತಾರೆ. ಸದಸ್ಯರ ಜೊತೆ ಆಡುವುದು, ಅಂಕ ಕೂಗುವುದು, ಅಂಕಣ ನೋಡಿಕೊಳ್ಳುವುದು ಅವರ ಕೆಲಸ. ಆ ಕೆಲಸ ಮಾಡಿದವರ ಮಕ್ಕಳು, ತಮ್ಮಂದಿರು, ಅಳಿಯಂದಿರಿಗೆ ಸದಸ್ಯರಿಲ್ಲದ ಹೊತ್ತಿನಲ್ಲಿ ಆಡಲು ಜಾಗ ಸಿಕ್ಕಿತು, ಕಲಿಸಲು ಮನೆಯಲ್ಲೇ ಜನ ಇದ್ದರು. ಹಳ್ಳಿಯ ಬಡ ಹುಡುಗನಿಗೆ ವಿಮಾನ ಹತ್ತಿ ವಿದೇಶಕ್ಕೆ ಹೋಗಲು ಇದ್ದ ಒಂದೇ ದಾರಿಯೂ ಅದೇ ಆಗಿತ್ತು. ಇಷ್ಟು ಸೇರಿದರೆ ಚಾಂಪಿಯನ್ನರು ಹುಟ್ಟುತ್ತಾರೆ, ರಕ್ತದ ಮಾತು ಬೇಕಿಲ್ಲ.

ಇದಕ್ಕೆ ಜಹಾಂಗೀರ್ ಅವರ ಬಾಲ್ಯವೇ ಸಾಕ್ಷಿ. 1963ರ ಡಿಸೆಂಬರ್ 10ರಂದು ಕರಾಚಿಯಲ್ಲಿ ಹುಟ್ಟಿದ ಈ ಮಗು ಮನೆಯಲ್ಲೇ ಬಲಹೀನ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಮಾತು ತಡವಾಗಿತ್ತು. ಹರ್ನಿಯಾಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಓಡಾಟದ ಆಟ ಬೇಡವೇ ಬೇಡ ಎಂದು ವೈದ್ಯರು ಹೇಳಿದ್ದರು. ಹುಡುಗ ಹಟ ಬಿಡಲಿಲ್ಲ. ತಂದೆ ಮೆಲ್ಲಮೆಲ್ಲಗೆ, ಅಳೆದೂ ಸುರಿದೂ, ಆಡಲು ಬಿಟ್ಟರು. ಆ ಕಾಲಕ್ಕೆ ದೊಡ್ಡಣ್ಣ ತೋರ್ಸಮ್ ಖಾನ್ ಅಂತರರಾಷ್ಟ್ರೀಯ ಆಟಗಾರ. ತಮ್ಮನಲ್ಲಿ ಏನೋ ಇದೆ ಎಂದು ಕಂಡು ತರಬೇತಿಗೆ ಹಚ್ಚಿದವರು ಅವರೇ.

1979ರಲ್ಲಿ ಆಸ್ಟ್ರೇಲಿಯಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಕಾಯಿಲೆಯಿಂದ ಎದ್ದ ಹುಡುಗ ಎಂದು ಪಾಕಿಸ್ತಾನದ ಆಯ್ಕೆಗಾರರು ಜಹಾಂಗೀರ್ ಅವರನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲ. ತಂಡದ ನೆರವಿಲ್ಲದೆ ಮೆಲ್ಬರ್ನ್‌ಗೆ ಹೋದ ಅವರು ಅರ್ಹತಾ ಸುತ್ತಿನಿಂದ ಆಡುತ್ತಾ ಬಂದು ವಿಶ್ವ ಅಮೆಚೂರ್ ವೈಯಕ್ತಿಕ ಪ್ರಶಸ್ತಿಯನ್ನೇ ಗೆದ್ದರು. ಆಗ ವಯಸ್ಸು ಹದಿನೈದು. ಅಷ್ಟು ಚಿಕ್ಕವರು ಆ ಪ್ರಶಸ್ತಿಯನ್ನು ಹಿಂದೆ ಗೆದ್ದಿರಲಿಲ್ಲ.

ಅದಾದ ಕೆಲವೇ ವಾರಗಳಿಗೆ ತೋರ್ಸಮ್ ಆಸ್ಟ್ರೇಲಿಯಾದಲ್ಲೇ ಪಂದ್ಯ ಆಡುತ್ತಾ ಅಂಕಣದಲ್ಲಿ ಕುಸಿದುಬಿದ್ದರು. ಹೃದಯ ನಿಂತಿತ್ತು. ಮನೆಗೆ ಮರಳಿದ್ದು ಅವರ ದೇಹ.

ಜಹಾಂಗೀರ್ ಆಟ ಬಿಡುವ ಯೋಚನೆ ಮಾಡಿದರು. ಆ ಮನೆಯ ದುಃಖವನ್ನು ನಾನು ಬಣ್ಣಿಸಲು ಹೋಗುವುದಿಲ್ಲ. ಮುಂದೆ ಆಡಿದರೆ ಅಣ್ಣನಿಗಾಗಿ ಆಡುತ್ತೇನೆ ಎಂಬ ನಿರ್ಧಾರಕ್ಕೆ ಬರಲು ಆ ಹುಡುಗನಿಗೆ ತಿಂಗಳುಗಳು ಹಿಡಿದವು. ಆಗ ನೆರವಿಗೆ ಬಂದವರು ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಸಾಲಿನ ಅಣ್ಣ ರಹಮತ್ ಖಾನ್. ಇವರ ತಂದೆ ನಸ್ರುಲ್ಲಾ ಖಾನ್ ಇಂಗ್ಲೆಂಡಿನಲ್ಲಿ ಜೋನಾ ಬ್ಯಾರಿಂಗ್ಟನ್ ಎಂಬ ಆಟಗಾರನನ್ನು ತಿದ್ದಿ ಆರು ಸಲ ಬ್ರಿಟಿಷ್ ಓಪನ್ ಗೆಲ್ಲುವಂತೆ ಮಾಡಿದ ಗುರು. ರಹಮತ್ ಸ್ವತಃ ವೃತ್ತಿಪರ ಆಟಗಾರರಾಗಿದ್ದರೂ ತಮ್ಮ ಆಟವನ್ನು ಬದಿಗಿಟ್ಟು ಲಂಡನ್ನಿನಲ್ಲಿ ಈ ಹುಡುಗನ ತರಬೇತಿಗೆ ನಿಂತುಬಿಟ್ಟರು. ಚಾಂಪಿಯನ್ನರ ಚರಿತ್ರೆ ಬರೆಯುವಾಗ ನಾವು ಇಂಥವರಿಗೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗುತ್ತೇವೆ. ರಹಮತ್ ಬಿಟ್ಟುಕೊಟ್ಟದ್ದು ತಮ್ಮ ಜೀವನದ ಆಡುವ ವರ್ಷಗಳನ್ನು, ಅವು ಮತ್ತೆ ಬರುವಂಥವಲ್ಲ.

ದಿನಚರಿ ಹೀಗಿತ್ತು: ಬೆಳಿಗ್ಗೆ ಒಂಬತ್ತು ಮೈಲಿ ಹದವಾದ ಓಟ, ಆಮೇಲೆ ಗಡಿಯಾರ ಹಿಡಿದು ಚುರುಕಿನ ಸಣ್ಣ ಓಟಗಳು, ನಂತರ ಜಿಮ್, ಕೊನೆಗೆ ಮೈ ತಣಿಯಲು ಈಜು. ವಾರಕ್ಕೆ ಐದು ದಿನ ಇದು, ಆರನೇ ದಿನ ಪಂದ್ಯ, ಏಳನೇ ದಿನ ವಿಶ್ರಾಂತಿ. ಪಾಕಿಸ್ತಾನದ ಉತ್ತರದ ಬೆಟ್ಟಸೀಮೆಗೆ ಹೋಗಿ ಗಾಳಿ ತೆಳುವಾದಲ್ಲಿ ಓಡುವುದೂ ಇತ್ತು. ವೈದ್ಯರು ಓಡಬೇಡ ಎಂದಿದ್ದ ಹುಡುಗ ಇವನೇ.

1981ರ ಏಪ್ರಿಲ್. ಬ್ರಿಟಿಷ್ ಓಪನ್ ಫೈನಲ್. ಎದುರಿಗೆ ಆಸ್ಟ್ರೇಲಿಯಾದ ಜೆಫ್ ಹಂಟ್, ವಯಸ್ಸು 34, ಜಹಾಂಗೀರ್ ಅವರಿಗೆ 17. ಎರಡು ಗಂಟೆಗೂ ಮೀರಿ ನಡೆದ ಆ ಪಂದ್ಯವನ್ನು ಹಂಟ್ ನಾಲ್ಕು ಗೇಮುಗಳಲ್ಲಿ ಗೆದ್ದರು. ಅದು ಅವರ ಎಂಟನೇ ಪ್ರಶಸ್ತಿ. ಹಾಶಿಮ್ ಖಾನ್ ಅವರ ಏಳರ ದಾಖಲೆ ಮುರಿದದ್ದು ಅದೇ ದಿನ, ಅದೇ ಬಳಗದ ಹುಡುಗನ ಕಣ್ಣೆದುರು. ಏಳು ತಿಂಗಳ ಬಳಿಕ ಟೊರಾಂಟೊದಲ್ಲಿ ವಿಶ್ವ ಓಪನ್ ಫೈನಲ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಮೊದಲ ಗೇಮ್ ಹಂಟ್‌ಗೆ, 9–7. ಮುಂದಿನ ಮೂರು 9–1, 9–2, 9–2ರಿಂದ ಜಹಾಂಗೀರ್‌ಗೆ. ಹದಿನೇಳನೇ ವಯಸ್ಸಿಗೆ ಅವರು ಲೋಕದ ಚಾಂಪಿಯನ್.

ಅಲ್ಲಿಂದ ಮುಂದಿನ ವರ್ಷಗಳ ಗೆಲುವನ್ನು ಪಟ್ಟಿ ಮಾಡುತ್ತಾ ಹೋದರೆ ಈ ಸಂಜೆ ಸಾಲದು. ಎರಡನ್ನು ಮಾತ್ರ ಹೇಳುತ್ತೇನೆ. 1982ರಲ್ಲಿ ವೃತ್ತಿಪರ ಆಟಗಾರರ ಅಂತರರಾಷ್ಟ್ರೀಯ ಸಂಘದ ಚಾಂಪಿಯನ್‌ಷಿಪ್ಪನ್ನು ಅವರು ಒಂದೇ ಒಂದು ಅಂಕ ಬಿಟ್ಟುಕೊಡದೆ ಗೆದ್ದರು. ಮೊದಲು ಹೇಳಿದ ನಿಯಮ ನೆನಪಿಸಿಕೊಳ್ಳಿ. ಎದುರಾಳಿ ಒಂದು ರ‍್ಯಾಲಿ ಗೆದ್ದು ಸರ್ವ್ ಪಡೆಯಬಹುದು, ಆದರೆ ಹಾಗೆ ಪಡೆದ ಸರ್ವ್‌ನ ಮೇಲೆ ಮತ್ತೊಂದು ರ‍್ಯಾಲಿಯನ್ನು ಯಾರಿಗೂ ಗೆಲ್ಲಲಾಗಲಿಲ್ಲ ಎಂದು ಇದರ ಅರ್ಥ.

ಇನ್ನೊಂದು, 1983ರಲ್ಲಿ ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿ ನಡೆದ ಫೈನಲ್. ಈಜಿಪ್ಟಿನ ಗಮಾಲ್ ಅವಾದ್ ಗಿಡ್ಡನೆಯ, ಮಿಂಚಿನಂತೆ ಓಡುವ ಆಟಗಾರ. ಜಹಾಂಗೀರ್ ಅವರನ್ನು ಹೊಡೆದು ಸೋಲಿಸಲಾಗದು, ದಣಿಸಿ ನೋಡೋಣ ಎಂದು ಅವರು ತೀರ್ಮಾನಿಸಿಕೊಂಡು ಬಂದಂತಿತ್ತು. ಎತ್ತರಕ್ಕೆ ಲಾಬ್ ಎತ್ತುವುದು, ಗೋಡೆಗೆ ಅಂಟಿಸಿ ಹಿಂದಕ್ಕೆ ಕಳಿಸುವುದು, ತಪ್ಪು ಮಾಡದಿರುವುದು. ಮೊದಲ ಗೇಮ್ ಒಂದಕ್ಕೇ 71 ನಿಮಿಷ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಇಬ್ಬರೂ ಸೇರಿ ಗಳಿಸಿದ ಅಂಕ ಹತ್ತೊಂಬತ್ತು. ಸರ್ವ್ ಕೈಯಿಂದ ಕೈಗೆ ಹೋಗುತ್ತಿತ್ತು, ಅಂಕ ಕದಲುತ್ತಿರಲಿಲ್ಲ. ಆ ಗೇಮನ್ನು ಅವಾದ್ 10–9ರಿಂದ ಗೆದ್ದರು. ಗೆದ್ದವರಿಗೇ ಅದರ ಬೆಲೆ ಭಾರವಾಯಿತು. ಮುಂದಿನ ಮೂರು ಗೇಮುಗಳನ್ನು ಜಹಾಂಗೀರ್ 9–5, 9–7, 9–2ರಿಂದ ತೆಗೆದುಕೊಂಡರು. ಒಟ್ಟು 2 ಗಂಟೆ 46 ನಿಮಿಷ. ಮೂವತ್ತಕ್ಕೂ ಹೆಚ್ಚು ವರ್ಷ ಅದು ಅತಿ ದೀರ್ಘ ಪಂದ್ಯದ ದಾಖಲೆಯಾಗಿ ಉಳಿಯಿತು. ಅವಾದ್ ಅದಾದ ಮೇಲೆ ಹಿಂದಿನ ಅವಾದ್ ಆಗಲಿಲ್ಲ ಎಂದು ಆ ಕಾಲದವರು ಹೇಳುತ್ತಾರೆ. ಅವಾದ್ ಅವರ ಹೆಸರನ್ನು ಈ ಸಭೆಯಲ್ಲಿ ಗೌರವದಿಂದ ಹೇಳಬೇಕು. ಜಹಾಂಗೀರ್ ಅವರ ತಾಳ್ಮೆ ಎಷ್ಟು ಎಂದು ಲೋಕಕ್ಕೆ ಅಳೆದು ತೋರಿಸಿದ್ದು ಅವರ ಛಲ.

ಆ ವರ್ಷಗಳಲ್ಲೇ ಅಮೆರಿಕದ ಹಾರ್ಡ್‌ಬಾಲ್ ಸ್ಕ್ವಾಷ್‌ಗೂ ಹೋಗಿ ಅಲ್ಲಿನ ಪಟ್ಟದ ಆಟಗಾರ ಮಾರ್ಕ್ ಟಾಲ್ಬಟ್ ಅವರನ್ನೂ ಸೋಲಿಸಿ ಬಂದರು. ಅದು ಬೇರೆ ಚೆಂಡು, ಬೇರೆ ಅಳತೆಯ ಅಂಕಣ, ಹೆಚ್ಚುಕಡಿಮೆ ಬೇರೆಯೇ ಆಟ.

ಈಗ ತುಲೂಸ್‌ಗೆ ಬರೋಣ. ಫ್ರಾನ್ಸ್‌ನ ಆ ನಗರದಲ್ಲಿ 1986ರ ನವೆಂಬರ್ 11ರಂದು ವಿಶ್ವ ಓಪನ್ ಫೈನಲ್. ಎದುರಾಳಿ ನ್ಯೂಜಿಲೆಂಡಿನ ರಾಸ್ ನಾರ್ಮನ್. 1983ರಲ್ಲಿ ಪ್ಯಾರಾಚೂಟಿನಿಂದ ಇಳಿಯುವಾಗ ಮೊಣಕಾಲು ಮುರಿದುಕೊಂಡು, ಆಟವೇ ಮುಗಿಯಿತು ಎನ್ನಿಸಿಕೊಂಡು ಎದ್ದು ಬಂದವರು. ಹಿಂದಿನ ವರ್ಷದ ವಿಶ್ವ ಫೈನಲ್‌ನಲ್ಲಿ, ಆ ವರ್ಷದ ಬ್ರಿಟಿಷ್ ಫೈನಲ್‌ನಲ್ಲಿ, ಇನ್ನೂ ಎಷ್ಟೋ ಕಡೆ ಜಹಾಂಗೀರ್‌ಗೆ ಸೋತಿದ್ದರು. ಎಂದೋ ಒಂದು ದಿನ ಅವರ ಆಟ ಸ್ವಲ್ಪ ಕೆಳಗಿಳಿದಾಗ ನಾನು ಅಲ್ಲಿರಬೇಕು ಎಂಬುದೇ ನಾರ್ಮನ್ ಅವರ ಲೆಕ್ಕವಾಗಿತ್ತು. ಆ ದಿನ ಬಂತು, ನಾರ್ಮನ್ ಅಲ್ಲಿದ್ದರು. 9–5, 9–7, 7–9, 9–1.

ಇಪ್ಪತ್ತಮೂರು ತುಂಬಲು ಒಂದು ತಿಂಗಳಿತ್ತು ಜಹಾಂಗೀರ್‌ಗೆ. ಸೋಲು ಎಂದರೇನು ಎಂದು ದೊಡ್ಡವರಾದ ಮೇಲೆ ಅವರಿಗೆ ಗೊತ್ತೇ ಇರಲಿಲ್ಲ. ಅಂಥವರು ಮೊದಲ ಸೋಲಿನಲ್ಲಿ ಒಡೆದುಹೋಗುವುದುಂಟು. ಮುಂದಿನ ವಸಂತದಲ್ಲಿ ಅವರು ಆರನೇ ಬ್ರಿಟಿಷ್ ಓಪನ್ ಗೆದ್ದರು. ಫೈನಲ್‌ನಲ್ಲಿ ಸೋತ ಹುಡುಗ ಪೆಶಾವರದ ಜಾನ್‌ಶೇರ್ ಖಾನ್. ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದ.

ಜಾನ್‌ಶೇರ್ ಐದೂವರೆ ವರ್ಷ ಕಿರಿಯರು. ತೆಳ್ಳಗೆ, ಉದ್ದಕ್ಕೆ, ದಣಿವು ಕಾಣದ ದೇಹ. ಜಹಾಂಗೀರ್ ಆಟದ ವೇಗ ಮತ್ತು ವಾಲಿಗಳನ್ನೆಲ್ಲ ಹುಡುಗನಾಗಿದ್ದಾಗಿನಿಂದ ನೋಡಿ ಉತ್ತರ ಕಲಿತು ಬಂದವರು. 1987ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಸಲ ಗೆದ್ದರು. ವಿಶ್ವ ಓಪನ್ ಸೆಮಿಫೈನಲ್‌ನಲ್ಲೂ ಗೆದ್ದು ಪ್ರಶಸ್ತಿ ಎತ್ತಿಕೊಂಡರು. ಹೀಗೆ ಸಾಲಾಗಿ ಎಂಟು ಸಲ. ಜಹಾಂಗೀರ್ ಕಾಲ ಮುಗಿಯಿತು ಎಂದು ಬಹಳ ಮಂದಿ ಅಂದುಕೊಂಡರು. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಅವರು ಎಲ್ಲವನ್ನೂ ಗೆದ್ದಾಗಿತ್ತು, ಮತ್ತೆ ಆ ಒಂಬತ್ತು ಮೈಲಿ ಓಡಬೇಕಾದ ಯಾವ ಅಗತ್ಯವೂ ಇರಲಿಲ್ಲ.

ಅವರು ಓಡಿದರು. 1988ರ ಮಾರ್ಚ್‌ನಲ್ಲಿ ಆ ಸರಣಿ ಮುರಿಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾನ್‌ಶೇರ್ ಅವರನ್ನೇ ಮಣಿಸಿ ಆರನೇ ವಿಶ್ವ ಓಪನ್ ಗೆದ್ದರು. ಅವರ ಆಟ ಈಗ ಬದಲಾಗಿತ್ತು ಎಂಬುದು ನನ್ನ ಅಭಿಪ್ರಾಯ. ಮೊದಲಿನ ಜಹಾಂಗೀರ್ ಎದುರಾಳಿಯ ಉಸಿರು ಕಸಿದು ಗೆಲ್ಲುತ್ತಿದ್ದರು. ತನಗಿಂತ ಹೆಚ್ಚು ಉಸಿರಿರುವವನು ಎದುರಿಗೆ ಬಂದಾಗ ರ‍್ಯಾಲಿಯನ್ನು ಎಲ್ಲಿ ಮುಗಿಸಬೇಕು ಎಂಬ ವಿವೇಕ ಬೇಕಾಗುತ್ತದೆ. ಅದನ್ನು ಅವರು ಇಪ್ಪತ್ತೈದರ ಹೊತ್ತಿಗೆ ಹೊಸದಾಗಿ ಕಲಿತರು.

1989ರ ಬ್ರಿಟಿಷ್ ಓಪನ್ ಫೈನಲ್ ನೋಡಿ. ಎದುರಾಳಿ ಆಸ್ಟ್ರೇಲಿಯಾದ ರಾಡ್ನಿ ಮಾರ್ಟಿನ್. ಪಂದ್ಯ ಐದನೇ ಗೇಮಿಗೆ ಹೋಯಿತು. ನಾಲ್ಕನೆಯದನ್ನು ಜಹಾಂಗೀರ್ ಸೋತದ್ದು 0–9ರಿಂದ. ಎಂಟನೇ ಸಲ ಚಾಂಪಿಯನ್ ಆಗಬೇಕಾದವರು, ಅಂಕವೇ ಸಿಗದೆ ಒಂದು ಗೇಮ್ ಕಳೆದುಕೊಂಡು, ಬೆವರು ಒರೆಸಿಕೊಂಡು ಮತ್ತೆ ಒಳಗೆ ಬಂದು ಐದನೆಯದನ್ನು 9–2ರಿಂದ ಗೆದ್ದರು. ಅಜೇಯರಾಗಿದ್ದ ದಿನಗಳಲ್ಲಿ ಅವರಿಗೆ ಇಂಥ ಗೆಲುವು ಬೇಕಾಗಿಯೇ ಇರಲಿಲ್ಲ. ನನ್ನ ಮುಂದೆ ಆ ಐದೂವರೆ ವರ್ಷಗಳ ಗೆಲುವುಗಳನ್ನೆಲ್ಲ ಒಂದು ಕಡೆ, ಈ ಐದನೇ ಗೇಮನ್ನು ಇನ್ನೊಂದು ಕಡೆ ಇಟ್ಟರೆ, ನಾನು ಐದನೇ ಗೇಮನ್ನೇ ಆರಿಸಿಕೊಳ್ಳುತ್ತೇನೆ.

1991ರ ಫೈನಲ್‌ನಲ್ಲಿ ಮತ್ತೆ ಜಾನ್‌ಶೇರ್. ಮೊದಲ ಗೇಮ್ 2–9. ಆಮೇಲೆ 9–4, 9–4, 9–0. ಅದು ಹತ್ತನೆಯದು. ಹಾಶಿಮ್ ಅವರ ಏಳು, ಹಂಟ್ ಅವರ ಎಂಟು ಹಿಂದೆ ಉಳಿದವು. ಇಬ್ಬರು ಖಾನ್‌ಗಳೂ ಟೂರ್ನಿಗಳಲ್ಲಿ ಒಟ್ಟು 37 ಸಲ ಎದುರಾದರು. ಜಾನ್‌ಶೇರ್‌ಗೆ 19, ಜಹಾಂಗೀರ್‌ಗೆ 18. ಜಾನ್‌ಶೇರ್ ವಿಶ್ವ ಓಪನ್ ಎಂಟು ಸಲ ಗೆದ್ದು ಆ ಲೆಕ್ಕದಲ್ಲಿ ಹಿರಿಯರನ್ನು ಮೀರಿದರು. 1993ರಲ್ಲಿ ಕರಾಚಿಯಲ್ಲಿ ವಿಶ್ವ ಓಪನ್ ಫೈನಲ್‌ನಲ್ಲಿ ಜಹಾಂಗೀರ್ ತವರೂರಿನ ಜನರ ಮುಂದೆ ಜಾನ್‌ಶೇರ್‌ಗೆ ಸೋತರು. ಅದೇ ಊರಿನಲ್ಲಿ ಇಬ್ಬರೂ ಒಂದೇ ತಂಡದಲ್ಲಿ ನಿಂತು ಪಾಕಿಸ್ತಾನಕ್ಕೆ ವಿಶ್ವ ತಂಡ ಪ್ರಶಸ್ತಿ ಗೆದ್ದುಕೊಟ್ಟರು. ಆಮೇಲೆ ಜಹಾಂಗೀರ್ ಆಡಲಿಲ್ಲ. ವಯಸ್ಸು ಮೂವತ್ತೂ ಆಗಿರಲಿಲ್ಲ.

2002ರಿಂದ 2008ರವರೆಗೆ ಅವರು ವಿಶ್ವ ಸ್ಕ್ವಾಷ್ ಫೆಡರೇಷನ್ ಅಧ್ಯಕ್ಷರು. ಆಟವನ್ನು ಒಲಿಂಪಿಕ್ಸ್‌ಗೆ ಸೇರಿಸಲು 2005ರಲ್ಲಿ ಸಿಂಗಪುರದಲ್ಲಿ ನಡೆದ ಪ್ರಯತ್ನ ಮೂರನೇ ಎರಡರಷ್ಟು ಮತ ಸಿಗದೆ ಬಿದ್ದುಹೋಯಿತು. ಹದಿನೆಂಟು ವರ್ಷಗಳ ಬಳಿಕ, 2023ರ ಅಕ್ಟೋಬರ್‌ನಲ್ಲಿ, ಮುಂಬೈಯಲ್ಲಿ ಸೇರಿದ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲಿಸ್ ಕ್ರೀಡಾಕೂಟಕ್ಕೆ ಸ್ಕ್ವಾಷ್ ಅನ್ನು ಸೇರಿಸಿತು. ಹತ್ತು ಬ್ರಿಟಿಷ್ ಓಪನ್ ಗೆದ್ದವರಿಗೆ ಒಲಿಂಪಿಕ್ಸ್‌ನಲ್ಲಿ ಆಡುವ ಅವಕಾಶವೇ ಇರಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ನಮ್ಮ ನಾಡಿನ ಮಾತಿಗೆ ಬರುತ್ತೇನೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಅಲ್ಲಿ ಆಟವಿಲ್ಲ. ಹಾಗಿದ್ದೂ ಆ ಬಾಗಿಲು ಉಳಿದ ದಿನ ಒಬ್ಬ ಹುಡುಗನಿಗೆ ತೆರೆದಿತ್ತು, ಅಷ್ಟು ಸಾಕಾಯಿತು. ಸ್ಕ್ವಾಷ್‌ನಲ್ಲಿ ಕೊಡಗಿನ ಮೂಲದ ಜೋಷ್ನಾ ಚಿಣ್ಣಪ್ಪ ಇದ್ದಾರೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ ಗೆದ್ದವರು. ಅವರು ಬೆಳೆದದ್ದು ಚೆನ್ನೈನಲ್ಲಿ. ನಮ್ಮ ಊರುಗಳಲ್ಲಿ ಸ್ಕ್ವಾಷ್ ಅಂಕಣಗಳು ಹೆಚ್ಚಾಗಿ ಇರುವುದು ಹಳೆಯ ಕ್ಲಬ್ಬುಗಳಲ್ಲಿ, ದೊಡ್ಡ ವಸತಿ ಸಮುಚ್ಚಯಗಳಲ್ಲಿ, ಕೆಲವು ಖಾಸಗಿ ಶಾಲೆಗಳಲ್ಲಿ. ಕೆಲಸದ ದಿನಗಳಲ್ಲಿ ಮಧ್ಯಾಹ್ನ ಅವುಗಳಲ್ಲಿ ಬಹುಪಾಲು ಖಾಲಿ.

ಈ ಸಭೆಯಲ್ಲಿ ಅಂಥ ಸಂಸ್ಥೆಗಳ ಆಡಳಿತದಲ್ಲಿರುವವರು ಇದ್ದರೆ ಅವರಲ್ಲಿ ನನ್ನ ಬೇಡಿಕೆ ಇಷ್ಟು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ಬಾಗಿಲುಗಳನ್ನು ನಿಮ್ಮ ಮಾರ್ಕರ್‌ಗಳ, ಅಡುಗೆಯವರ, ಕಾವಲುಗಾರರ ಮಕ್ಕಳಿಗೆ, ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ತೆರೆಯಿರಿ. ನಾಲ್ಕು ರ‍್ಯಾಕೆಟ್, ಒಂದು ಡಬ್ಬಿ ಚೆಂಡು, ಆ ಮಾರ್ಕರ್‌ಗೆ ತಿಂಗಳಿಗೊಂದು ಗೌರವಧನ ಕೊಡಿ. ಮುಂದಿನ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.